ಪಾತರಗಿತ್ತಿ ಬೇಕಾದ್ರೆ ತಂಗಡಿ ಬಿಡ್ರಿ

ಚಿಟ್ಟೆ ಅಂದ ಕೂಡ್ಲೇ ಬೆಂಗಳೂರಿನ ಗೆಳೆಯರಿಗೆ ಮಲೆನಾಡು, ಇಲ್ಲಾಂದ್ರೆ ಬನ್ನೇರುಘಟ್ಟದ ಚಿಟ್ಟೆ ಪಾರ್ಕು ನೆನಪಾಗುತ್ತೆ. ರಾಜ್ಯದ ಚಿಟ್ಟೆ ಅನ್ನೋ ಮರ್ಯಾದೆ ಸಿಕ್ಕಿರೋದೂ ಪಶ್ಚಿಮಘಟ್ಟದ ಸದರ್ನ್ ಬರ್ಡ್‌ವಿಂಗ್‌ಗೇ. ನಮ್ಮ ಲಿಂಗಸುಗೂರು ಸೀಮೆಯ ಗುರುಗುಂಟಾದಂಥ ಬಿಸಿಲೂರಲ್ಲಿ ಏನಿದೆ ಅಂತೀರಾ? ಇದೆ ಸ್ವಾಮಿ. ಬಿಳಿ, ತಿಳಿಹಳದಿ ಪಾತರಗಿತ್ತಿಗಳ ಒಂದು ದೊಡ್ಡ ಕುಟುಂಬವೇ ಇದೆ, ಪಿಯರಿಡೇ ಅಂತ. ಹಳ್ಳದ ಹಸಿ ಉಸುಕಿನ ಮೇಲೆ ಗುಂಪಾಗಿ ಕೂತು ಉಪ್ಪಿನಂಶ ಹೀರೋದರಲ್ಲಿ ಇವೇ ಮುಂದು.

ನನ್ನ ತಕರಾರು ಇಷ್ಟೇ. ಚಿಟ್ಟೆ ಉಳಿಸೋಣ ಅಂತ ಹೊರಟವರೆಲ್ಲ ನರ್ಸರಿಯಿಂದ ಹೂವಿನ ಗಿಡ ತರ್ತಾರೆ. ಹೂವು ಚಿಟ್ಟೆಗೆ ಹೋಟೆಲ್ ಇದ್ದಂಗೆ, ಇದಲ್ದಿದ್ರೆ ಇನ್ನೊಂದು. ಆದರೆ ಹುಳಕ್ಕೆ ಬೇಕಾದ್ದು ಎಲೆ, ಅದೂ ಇಂಥದ್ದೇ ಎಲೆ. ಮಾಟಲ್ಡ್ ಎಮಿಗ್ರಂಟ್ ಮೊಟ್ಟೆ ಇಡೋದು ತಂಗಡಿ ಮೇಲೆ (ನಿಮ್ಮ ಕಡೆ ಆವರಿಕೆ ಅಂತೀರಿ). ಕಾಮನ್ ಎಮಿಗ್ರಂಟ್‌ಗೆ ಕಕ್ಕೆ. ಗ್ರಾಸ್ ಯೆಲ್ಲೋಗೆ ತಗಚೆ. ಕಾಮನ್ ಜೆಜೆಬೆಲ್‌ಗಂತೂ ಮರದ ಮೇಲಿನ ಬದನಿಕೆಯೇ ಆಗಬೇಕು. ಎಲ್ಲಾ ನಾವು ಕಳೆ, ಪೀಡೆ ಅನ್ನೋವೇ! ಜೆಸಿಬಿ ಬಂದ್ರೆ ಮೊದಲು ಹೋಗೋದು ದಾರಿ ಬದಿಯ ತಂಗಡಿ. ಖಾಲಿ ಬಿಟ್ಟ ಜಾಗಕ್ಕೆ ಆಮೇಲೆ ಬಳ್ಳಾರಿ ಜಾಲಿ ಬಂದು ಕೂರುತ್ತೆ.

"ಪಾತರಗಿತ್ತಿ ಏನ್ ಹೊಟ್ಟಿಗಿ ಹಾಕ್ತದೇನಪಾ?" ಅಂತ ಊರಲ್ಲಿ ಕೇಳ್ತಾರೆ. ನ್ಯಾಯವಾದ ಪ್ರಶ್ನೆ. ಈ ರೆಕ್ಕೆಗಳ ಬಿಳಿ-ಹಳದಿ ಬಣ್ಣ ಟೆರಿನ್ ಅನ್ನೋ ರಾಸಾಯನಿಕಗಳದ್ದು. ಇಂಗ್ಲೆಂಡಿನ ಫ್ರೆಡರಿಕ್ ಗೌಲ್ಯಾಂಡ್ ಹಾಪ್‌ಕಿನ್ಸ್ 1889ರಲ್ಲೇ ಈ ಹಳದಿಯ ಬೆನ್ನು ಹತ್ತಿದ್ದ. ಮುಂದೆ ನೋಡಿದ್ರೆ ಫೋಲಿಕ್ ಆಸಿಡ್‌ನ ಅಣುವಿನಲ್ಲೂ ಒಂದು ಟೆರಿನ್ ತುಣುಕು! ಬಸುರಿಯರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕೊಡೋ ಕಬ್ಬಿಣದ ಗುಳಿಗೆಯಲ್ಲಿರೋ ಅದೇ ಫೋಲಿಕ್ ಆಸಿಡ್. ಪಾತರಗಿತ್ತಿ ಅರೆದು ಗುಳಿಗೆ ಮಾಡ್ತಾರೆ ಅಂತಲ್ಲ ಮತ್ತೆ. "ಉಪಯೋಗಕ್ಕಿಲ್ಲ" ಅನ್ನೋ ತೀರ್ಪು ಅವಸರದ್ದು ಅಂತ ಅಷ್ಟೆ. ತಂಗಡಿಯೇನು ಕಡಿಮೆಯದ್ದಲ್ಲ, ಅದರ ತೊಗಟೆಯಲ್ಲಿ ಚರ್ಮ ಹದ ಮಾಡ್ತಿದ್ದ ಕಾಲವಿತ್ತು.

ರೈತರು ಹೊಲ ಬಿಟ್ಟುಕೊಡಲಿ ಅಂತ ನಾನು ಹೇಳ್ತಿಲ್ಲ. ಬೆಂಗಳೂರಲ್ಲಿ ಸಂಬಳ ಎಣಿಸಿಕೊಂಡು ಹಾಗೆ ಹೇಳೋಕೆ ಬಾಯಿ ಬರಲ್ಲ. ಕೆರೆ ಏರಿ, ಶಾಲೆ ಕಾಂಪೌಂಡು, ಗುಡಿ ಹಿಂದಿನ ಬಯಲು, ಇಷ್ಟರಲ್ಲಿ ಇರೋದನ್ನ ಕೀಳದೇ ಬಿಟ್ಟರೆ ಸಾಕು. ಗುಂಡಿ ತೋಡೋದಿಲ್ಲ, ನೀರು ಹಾಕೋದಿಲ್ಲ, ಟೆಂಡರ್ ಅಂತೂ ಬೇಡವೇ ಬೇಡ. ಬಹುಶಃ ಅದಕ್ಕೇ ಯಾರಿಗೂ ಈ ಕೆಲಸದಲ್ಲಿ ಆಸಕ್ತಿ ಇಲ್ಲ :)

ನಿಮ್ಮೂರ ಕಡೆ ತಂಗಡಿ ಇನ್ನೂ ಉಳಿದಿದೆಯಾ? ನೀವೇನಂತೀರಿ?