‘ಅಪ್ಪ ಏನು ಮಾಡ್ತಾರೆ?’ ಎಂದು ಕೇಳುವ ಮುನ್ನ

ಕೆಲಸ ಕೊಡುವ ಕುರ್ಚಿಯಲ್ಲಿ ಕೂತವರೇ, ಈ ಮಾತು ನಿಮಗೆ. ಸಂದರ್ಶನ ಮಾಡುವ ಮ್ಯಾನೇಜರಿಗೆ, ಅರ್ಜಿಗಳ ರಾಶಿಯಿಂದ ನಾಲ್ಕನ್ನು ಎತ್ತಿಡುವ ಎಚ್‌ಆರ್‌ನವರಿಗೆ, ‘ನಮ್ಮ ಹುಡುಗ ಒಬ್ಬ ಇದ್ದಾನೆ, ಸ್ವಲ್ಪ ನೋಡಿ’ ಎಂದು ರೆಫರಲ್ ಕಳಿಸುವ ಟೀಮ್ ಲೀಡಿಗೆ. ‘ನಮ್ಮ ಆಫೀಸಲ್ಲಿ ಜಾತಿಗೀತಿ ಏನೂ ಇಲ್ಲ, ಮೆರಿಟ್ ಇದ್ದರೆ ಸಾಕು’ ಎಂದು ನೀವು ಹೇಳುತ್ತೀರಿ. ಮನಸಾರೆ ನಂಬಿಯೇ ಹೇಳುತ್ತೀರಿ. ಆದರೆ ಆ ನಂಬಿಕೆಯನ್ನು ಒರೆಗೆ ಹಚ್ಚಿ ನೋಡಿದವರಿದ್ದಾರೆ. ಅವರಿಗೆ ಕಂಡದ್ದೇ ಬೇರೆ.

ಅರ್ಥಶಾಸ್ತ್ರಜ್ಞ ಸುಖದೇವ್ ಥೋರಟ್ ಮತ್ತು ಅಮೆರಿಕದ ಸಮಾಜಶಾಸ್ತ್ರಜ್ಞ ಪಾಲ್ ಅಟೆವೆಲ್ 2005ರ ಅಕ್ಟೋಬರಿನಿಂದ 66 ವಾರಗಳ ಕಾಲ ಇಂಗ್ಲಿಷ್ ಪತ್ರಿಕೆಗಳಲ್ಲಿ ಬಂದ ಖಾಸಗಿ ಕಂಪನಿಗಳ ನೌಕರಿ ಜಾಹೀರಾತುಗಳನ್ನು ಹೆಕ್ಕಿದರು. 548 ಜಾಹೀರಾತುಗಳಿಗೆ 4,808 ಅರ್ಜಿಗಳು ಹೋದವು. ಸರಿಸಮ ಓದು, ಸರಿಸಮ ಅನುಭವ; ಬೇರೆಯಾಗಿದ್ದುದು ಮೇಲಿನ ಹೆಸರು. ಒಂದು ಮೇಲ್ಜಾತಿಯ ಹಿಂದೂ ಹೆಸರು, ಒಂದು ದಲಿತ ಹೆಸರು, ಒಂದು ಮುಸ್ಲಿಂ ಹೆಸರು. ಮೇಲ್ಜಾತಿಯ ಹೆಸರಿಗೆ ಕರೆ ಬರುವ ಸಂಭವವನ್ನು 1 ಎಂದಿಟ್ಟುಕೊಂಡರೆ ದಲಿತ ಹೆಸರಿಗೆ ಅದು 0.67. ಮುಸ್ಲಿಂ ಹೆಸರಿಗೆ 0.33.

ಇಲ್ಲಿ ಯಾರೂ ಯಾರನ್ನೂ ಬೈಯಲಿಲ್ಲ, ಬಾಗಿಲಾಚೆ ನಿಲ್ಲಿಸಲಿಲ್ಲ. ಫೋನು ಬರಲಿಲ್ಲ, ಅಷ್ಟೆ. ಹೀಗೆ ಫೋನಿಗಾಗಿ ಕಾದವನಿಗೆ ಅದು ಯಾಕೆ ಬರಲಿಲ್ಲವೆಂಬುದು ಎಂದೂ ತಿಳಿಯುವುದಿಲ್ಲ. ಯಾಕೆ ಮಾಡಲಿಲ್ಲವೆಂಬುದು ಮಾಡದವರಿಗೂ ತಿಳಿದಿರಲಿಕ್ಕಿಲ್ಲ. ಆದರೆ ಈ ಅಧ್ಯಯನ ಪ್ರಕಟವಾದದ್ದು 2007ರಲ್ಲಿ. ಗೊತ್ತಿರಲಿಲ್ಲ ಎಂಬ ನೆಪ ಅಂದಿಗೇ ಮುಗಿಯಿತು.

ಅದೇ ವರ್ಷ ಸುರಿಂದರ್ ಜೋಧ್ಕಾ ಮತ್ತು ಕ್ಯಾಥರೀನ್ ನ್ಯೂಮನ್ ಅವರ ಇನ್ನೊಂದು ಅಧ್ಯಯನ ಹೊರಬಂತು. ದೊಡ್ಡ ಕಂಪನಿಗಳ 25 ಮಂದಿ ಎಚ್‌ಆರ್ ಮ್ಯಾನೇಜರುಗಳನ್ನು ಅವರು ಮಾತಾಡಿಸಿದ್ದರು. ಎಲ್ಲರ ಬಾಯಲ್ಲೂ ಮೆರಿಟ್ಟಿನ ಮಂತ್ರವೇ. ಜೊತೆಗೇ ಅಭ್ಯರ್ಥಿಯ ‘ಫ್ಯಾಮಿಲಿ ಬ್ಯಾಕ್‌ಗ್ರೌಂಡ್’ ಕೇಳುವುದು ಬಹುತೇಕ ಎಲ್ಲರ ರೂಢಿ. ಹುಟ್ಟು ಮುಖ್ಯವಲ್ಲ ಎನ್ನುವವರು ಹುಟ್ಟಿದ ಮನೆಯನ್ನು ವಿಚಾರಿಸುತ್ತಾರೆ. ಇದರಲ್ಲಿ ವಿರೋಧವಿದೆ ಎಂದು ಅವರಿಗೆ ಅನ್ನಿಸುವುದೇ ಇಲ್ಲ.

ಆ ಪ್ರಶ್ನೆ ಮೇಜಿನ ಆ ಕಡೆ ಹೇಗೆ ಕೇಳಿಸುತ್ತದೆ, ಒಮ್ಮೆ ಯೋಚಿಸಿ. ರಾಯಚೂರಿನ ಕಡೆಯ ಹುಡುಗಿಯೊಬ್ಬಳು ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡದಲ್ಲಿ ಕೂತಿದ್ದಾಳೆ ಅನ್ನಿ. ಕೋಡಿಂಗ್ ಸುತ್ತು ಮುಗಿದಿದೆ, ಚೆನ್ನಾಗಿಯೇ ಆಗಿದೆ. ಆಗ ನೀವು ನಗುನಗುತ್ತಾ, ಮಾತಿಗೆ ಎಂಬಂತೆ, ‘ಅಪ್ಪ ಏನು ಮಾಡ್ತಾರಮ್ಮಾ?’ ಎನ್ನುತ್ತೀರಿ. ಡಾಕ್ಟರರ ಮಗಳಿಗೆ ಇದು ಕುಶಲಪ್ರಶ್ನೆ. ಇವಳ ಅಪ್ಪ ಪೌರಕಾರ್ಮಿಕ. ಹಾಗೆಂದರೆ ಜಾತಿಯನ್ನೂ ಹೇಳಿದಂತೆಯೇ. ಸುಳ್ಳು ಹೇಳಿದರೆ, ಮೂರು ಗಂಟೆಗೇ ಎದ್ದು ಬೀದಿ ಗುಡಿಸಿ ತನ್ನನ್ನು ಓದಿಸಿದವರನ್ನು ಅಲ್ಲಗಳೆದಂತೆ. ‘ಮುನಿಸಿಪಾಲಿಟೀಲಿ ಇದ್ದಾರೆ ಸರ್’ ಎಂದು ಅರ್ಧಕ್ಕೆ ನಿಲ್ಲಿಸುತ್ತಾಳೆ. ಆ ತಡವರಿಕೆಯನ್ನು ನೀವು ಹಾಳೆಯ ಮೇಲೆ ‘ಕಾನ್ಫಿಡೆನ್ಸ್ ಕಮ್ಮಿ’ ಎಂದು ಬರೆದುಕೊಳ್ಳುತ್ತೀರಿ.

ಹಾಗೆ ಬರೆಯುವ ಮುನ್ನ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ನಡೆಸಿದ ಪ್ರಯೋಗವನ್ನು ತಿಳಿಯಿರಿ. ಆರು, ಏಳನೆಯ ತರಗತಿಯ ಹುಡುಗರು; ಮೇಲ್ಜಾತಿಯವರು 321, ಕೆಳಜಾತಿಯವರು 321. ಕಾಗದದ ಮೇಲೆ ದಾರಿ ಹುಡುಕುವ ಒಗಟು ಬಿಡಿಸಬೇಕು, ಬಿಡಿಸಿದಷ್ಟಕ್ಕೆ ದುಡ್ಡು. ಯಾರ ಜಾತಿಯನ್ನೂ ಹೇಳದಿದ್ದಾಗ ಎರಡೂ ಗುಂಪಿನವರು ಸಮಸಮ. ಇನ್ನು ಕೆಲವು ತಂಡಗಳಲ್ಲಿ, ಒಗಟು ಕೊಡುವ ಮುಂಚೆ ಪ್ರತಿ ಹುಡುಗನ ಹೆಸರು, ಊರು, ಅಪ್ಪನ ಹೆಸರು, ತಾತನ ಹೆಸರು, ಜಾತಿ, ಇಷ್ಟನ್ನೂ ಎಲ್ಲರೆದುರು ಓದಿ, ಸರಿ ತಾನೇ ಎಂದು ತಲೆಯಾಡಿಸಲು ಹೇಳಿದರು. ಅಷ್ಟು ಸಾಕಾಯಿತು. ಕೆಳಜಾತಿಯ ಹುಡುಗರು ಬಿಡಿಸಿದ ಒಗಟುಗಳು ಸುಮಾರು ಕಾಲು ಭಾಗದಷ್ಟು ಇಳಿದವು. ಆ ಅರೆಗಳಿಗೆಯಲ್ಲಿ ಅವರ ಬುದ್ಧಿಯೇನೂ ಸವೆದಿರಲಿಲ್ಲ. ಅಪ್ಪ, ತಾತನ ಹೆಸರನ್ನು ಎಲ್ಲರೆದುರು ಎತ್ತಿದಾಗ, ಗೆದ್ದರೂ ಇವರು ನನಗೆ ಸಲ್ಲಬೇಕಾದ್ದನ್ನು ಕೊಡುತ್ತಾರೆಯೇ ಎಂಬ ಗುಮಾನಿ ಎದ್ದರೆ ಅದಕ್ಕೆ ಕಾರಣ ಬೇಕಾದಷ್ಟಿತ್ತು.

ನಾನು ಹೇಳಬೇಕಾದದ್ದು ಇದೇ: ಮೆರಿಟ್ಟನ್ನು ಅಳೆಯುತ್ತಿದ್ದೇವೆ ಎಂದುಕೊಂಡೇ ನಾವು ಅದನ್ನು ಮುರಿಯುತ್ತಿದ್ದೇವೆ. ತೂಗುವವನ ಬೆರಳೇ ತಟ್ಟೆಯ ಮೇಲಿರುವಾಗ ತಕ್ಕಡಿಯ ಮಾತಿಗೆ ಏನು ಬೆಲೆ?

ಬೆಂಗಳೂರಿನ ನಾವು ‘ಅದೆಲ್ಲ ಉತ್ತರದ ಕಥೆ’ ಎಂದು ಕೈ ತೊಳೆದುಕೊಳ್ಳುವಂತಿಲ್ಲ. ಇಲ್ಲಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿದ್ದ ಕರೋಲ್ ಉಪಾಧ್ಯ ಐಟಿ ಉದ್ಯಮವನ್ನು ಹತ್ತಿರದಿಂದ ನೋಡಿ, ಅಲ್ಲಿ ಸೇರುವವರು ಬಹುಪಾಲು ನಗರದ, ಮಧ್ಯಮವರ್ಗದ, ಮೇಲಿನ ಜಾತಿಗಳ ಮನೆಗಳಿಂದ ಬಂದವರೆಂದು 2007ರಲ್ಲೇ ಬರೆದರು. ಇಂಗ್ಲಿಷಿನ ಉಚ್ಚಾರ, ಕೂರುವ ಠೀವಿ, ಕೈ ಕುಲುಕುವ ರೀತಿ, ಇವೆಲ್ಲ ಮನೆಯಿಂದ ಪುಕ್ಕಟೆ ಸಿಕ್ಕವರಿಗೆ ‘ಸಾಫ್ಟ್ ಸ್ಕಿಲ್ಸ್’ ಆಗುತ್ತವೆ, ಸಿಗದವರಿಗೆ ಗೋಡೆಯಾಗುತ್ತವೆ.

ಗೋಡೆ ಹತ್ತಿ ಒಳಗೆ ಬಂದರೆ ಮುಗಿಯಿತೇ? ‘ನಿಮ್ಮ ಪೂರ್ತಿ ಹೆಸರೇನು?’ ‘ನೀವು ವೆಜ್ಜಾ?’ ‘ಮನೇಲಿ ಯಾವ ಹಬ್ಬ ಮಾಡ್ತೀರಿ?’ ಕಾಫಿ ಮಷೀನಿನ ಪಕ್ಕ ಕೇಳುವ ಒಂದೊಂದು ಪ್ರಶ್ನೆಯೂ ಸಣ್ಣದೇ. ಆದರೆ ಅವನ್ನು ತಪ್ಪಿಸಿಕೊಳ್ಳಲೆಂದೇ ಒಬ್ಬ ಡಬ್ಬಿ ತರುವುದನ್ನು ಬಿಟ್ಟಿರುತ್ತಾನೆ, ಇನ್ನೊಬ್ಬಳು ಮೇಜಿನ ಮೇಲೆ ಅಂಬೇಡ್ಕರರ ಪಟ ಇಡುವುದನ್ನು. ‘ಅವನು ಯಾರೊಟ್ಟಿಗೂ ಸೇರಲ್ಲ’ ಎಂದು ನಾವು ಮಾತಾಡಿಕೊಳ್ಳುತ್ತೇವೆ. ಬಡ್ತಿಯ ಹೊತ್ತಿಗೆ ಅದೇ ಅವನ ಕೊರತೆಯಾಗುತ್ತದೆ. ಅವನ ನಡವಳಿಕೆಯನ್ನು ಅಳೆಯುವ ನಾವು, ಅದನ್ನು ಹಾಗೆ ಮಾಡಿದ ನಮ್ಮ ನಡವಳಿಕೆಯನ್ನು ಅಳೆದಿದ್ದೇವೆಯೇ?

ಕಾನೂನು ನೋಡಿಕೊಳ್ಳುತ್ತದೆ ಎನ್ನಬೇಡಿ. ಸಂವಿಧಾನದ 16ನೆಯ ವಿಧಿ ಸಮಾನ ಅವಕಾಶ ಕೊಟ್ಟಿರುವುದು ಸರ್ಕಾರಿ ಹುದ್ದೆಗಳಲ್ಲಿ. ಖಾಸಗಿ ನೇಮಕಾತಿಯಲ್ಲಿ ಜಾತಿಭೇದ ಕೂಡದೆಂದು ನೇರವಾಗಿ ಕಟ್ಟಿಹಾಕುವ ಸಮಗ್ರ ಕಾನೂನು ನಮ್ಮಲ್ಲಿಲ್ಲ. ಲೈಂಗಿಕ ಕಿರುಕುಳದ ದೂರು ಕೇಳಲು ಹತ್ತು ಜನರಿರುವ ಆಫೀಸಿನಲ್ಲೂ ಸಮಿತಿ ಇರಬೇಕೆಂದು 2013ರ ಕಾಯ್ದೆ ಹೇಳಿತು. ಜಾತಿಯ ಹೆಸರಲ್ಲಿ ನೊಂದವರು ಇಂದಿಗೂ ಯಾರ ಬಾಗಿಲು ತಟ್ಟಬೇಕು? ಕಾನೂನು ಬರಲೆಂದು ಒತ್ತಾಯಿಸೋಣ. ಅದು ಬರುವವರೆಗೆ ಕಾಯುವ ಅಗತ್ಯ ನಿಮಗಿಲ್ಲ.

ಮೊದಲ ಸುತ್ತಿನಲ್ಲಿ ಅರ್ಜಿಯಿಂದ ಹೆಸರು, ಫೋಟೊ, ತಂದೆಯ ಹೆಸರು, ಊರು ತೆಗೆದುಬಿಡಿ. ಎಲ್ಲ ಅಭ್ಯರ್ಥಿಗಳಿಗೂ ಮೊದಲೇ ಬರೆದಿಟ್ಟ ಅವೇ ಪ್ರಶ್ನೆಗಳನ್ನು ಕೇಳಿ. ಒಬ್ಬರೊಡನೊಬ್ಬರು ಮಾತಾಡಿಕೊಳ್ಳುವ ಮುಂಚೆ ಅಂಕ ಹಾಕಿ. ಮನೆತನದ ಪ್ರಶ್ನೆಯನ್ನು ಸಂದರ್ಶನದ ಕೋಣೆಯಿಂದ ಹೊರಗಟ್ಟಿ. ಯಾರು ಅರ್ಜಿ ಹಾಕಿದರು, ಯಾರಿಗೆ ಕರೆ ಹೋಯಿತು, ಯಾರಿಗೆ ಬಡ್ತಿ ಸಿಕ್ಕಿತು ಎಂಬ ಲೆಕ್ಕ ಇಡಿ. ತಮ್ಮ ಜಾತಿ, ಧರ್ಮವನ್ನು ಸ್ವಇಚ್ಛೆಯಿಂದ ಹೇಳುವವರಿಂದಷ್ಟೇ ಪಡೆದು, ಹೆಸರಿಲ್ಲದೆ. ಆಯ್ಕೆಯ ಹೊತ್ತಿನಲ್ಲಿ ಗುರುತು ಮರೆಯಾಗಿರಲಿ, ಲೆಕ್ಕದ ಹೊತ್ತಿನಲ್ಲಿ ಎದುರಿಗಿರಲಿ. ಜಾತಿಯ ದೂರು ಕೇಳಲೂ ಒಂದು ಸಮಿತಿ ಮಾಡಿ, ನೊಂದವರ ಸಮುದಾಯದವರನ್ನೂ ಅದರಲ್ಲಿ ಕೂರಿಸಿ.

ಕುರ್ಚಿ ಇಲ್ಲದ ಸಹೋದ್ಯೋಗಿಗಳಿಗೂ ಕೆಲಸವಿದೆ. ಬಸವ ಜಯಂತಿಯಂದು ಆಫೀಸಿನ ವಾಟ್ಸಾಪ್ ಗುಂಪಿಗೆ ವಚನ ಹಾಕುವುದು ಸುಲಭ. ಮರುದಿನ ಪಕ್ಕದವರು ಹೊಸಬನನ್ನು ‘ನೀವು ಯಾವ ಪೈಕಿ?’ ಎಂದು ಕೇಳಿದಾಗ, ‘ಅದು ಯಾಕೆ ಬೇಕು ನಿಮಗೆ?’ ಎನ್ನುವುದು ಕಷ್ಟ. ಆ ಕಷ್ಟದ ಮಾತನ್ನು ಹೊಸಬನ ಮೇಲೆ ಹೊರಿಸಬೇಡಿ. ನೀವೇ ಆಡಿ, ಅವನಿಗಿಂತ ಮೊದಲು, ಎಲ್ಲರಿಗೂ ಕೇಳುವಂತೆ.