ಶಿಬಿರದ ಎಣಿಕೆ ಸಾಲದು, ವರ್ಷದ ಲೆಕ್ಕ ಬೇಕು

ಸರಕು ಸಾಗಿಸಿದ ಮಾತ್ರಕ್ಕೆ ವ್ಯವಹಾರ ಮುಗಿಯಿತೆಂದು ಯಾವ ವರ್ತಕನೂ ಭಾವಿಸುವುದಿಲ್ಲ. ಹಣ ಕೈಸೇರಿ ಖಾತೆ ಚುಕ್ತಾ ಆದ ಮೇಲೆಯೇ ಆತ ಆ ಪುಟವನ್ನು ಮಗುಚುತ್ತಾನೆ. ಆದರೆ ಅದೇ ವರ್ತಕನು ಊರಿನ ಮದ್ಯವರ್ಜನ ಶಿಬಿರಕ್ಕೆ ದೇಣಿಗೆ ನೀಡಿದಾಗ, ಸಮಾರೋಪದ ದಿನ ವೇದಿಕೆಯಲ್ಲಿ ಓದಿಹೇಳುವ ಶಿಬಿರಾರ್ಥಿಗಳ ಸಂಖ್ಯೆಯಿಂದಲೇ ತೃಪ್ತನಾಗುತ್ತಾನೆ. ಅವರಲ್ಲಿ ಎಷ್ಟು ಮಂದಿ ಒಂದು ವರ್ಷದ ಬಳಿಕವೂ ಮದ್ಯದಿಂದ ದೂರ ಉಳಿದಿದ್ದಾರೆ ಎಂದು ವಿಚಾರಿಸುವವರು ವಿರಳ. ವ್ಯಸನಮುಕ್ತಿಗಾಗಿ ದುಡಿಯುವ ಸೇವಾಸಂಸ್ಥೆಗಳಿಗೆ ಇಂದು ಅಗತ್ಯವಾಗಿರುವುದು ಇನ್ನಷ್ಟು ಶಿಬಿರಗಳಿಗಿಂತ ಮಿಗಿಲಾಗಿ, ಶಿಬಿರದ ಹಿಂದುಮುಂದುಗಳನ್ನು ಯೋಜಿಸುವ ಹಾಗೂ ಕೊರತೆಗಳನ್ನು ಗುರುತಿಸಿ ತಿದ್ದಿಕೊಳ್ಳುವ ತರಬೇತಿ. ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲೂಕುಗಳ ವಾಣಿಜ್ಯ ಸಮುದಾಯವು ಈ ತರಬೇತಿಯ ವೆಚ್ಚವನ್ನೂ ದಾನದ ಒಂದು ಬಾಬತ್ತೆಂದು ಪರಿಗಣಿಸುವುದು ಉಚಿತ.

ಗಟ್ಟಿಯಾದ ತಳಹದಿ

ಈ ಕಾರ್ಯದಲ್ಲಿ ಕರಾವಳಿಯು ಹಿಂದುಳಿದಿಲ್ಲ. 1982ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಹಾಗೂ ಅದರೊಡನೆ ಬೆಳೆದ ಜನಜಾಗೃತಿ ವೇದಿಕೆಯು ರಾಜ್ಯದಾದ್ಯಂತ ನಡೆಸಿರುವ ಮದ್ಯವರ್ಜನ ಶಿಬಿರಗಳ ಸಂಖ್ಯೆ ಸಾವಿರವನ್ನು ದಾಟಿ ವರ್ಷಗಳೇ ಸಂದಿವೆ. ಊರಿನವರದೇ ವ್ಯವಸ್ಥಾಪನಾ ಸಮಿತಿ, ಎಂಟು ದಿನಗಳ ವಾಸ್ತವ್ಯ, ಕುಟುಂಬದವರ ಪಾಲ್ಗೊಳ್ಳುವಿಕೆ, ಅನಂತರ ಪಾನಮುಕ್ತರನ್ನು ಒಗ್ಗೂಡಿಸುವ ನವಜೀವನ ಸಮಿತಿ, ನೂರು ದಿನ ತುಂಬಿದಾಗ ಶತದಿನೋತ್ಸವ ಎಂಬ ಕ್ರಮ ಈ ಭಾಗದ ಜನರಿಗೆ ಚಿರಪರಿಚಿತ. ಉಡುಪಿಯ ದೊಡ್ಡಣಗುಡ್ಡೆಯಲ್ಲಿರುವ ಡಾ. ಎ.ವಿ. ಬಾಳಿಗಾ ಸ್ಮಾರಕ ಆಸ್ಪತ್ರೆಯು ಮನೋವೈದ್ಯರ ಮೇಲ್ವಿಚಾರಣೆಯಲ್ಲಿ ಉಚಿತ ವಸತಿ ಶಿಬಿರಗಳನ್ನು ನಡೆಸಿಕೊಂಡು ಬಂದಿದೆ. 1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಹುಟ್ಟಿ 1957ರಲ್ಲಿ ಭಾರತಕ್ಕೆ ಬಂದ ಆಲ್ಕೊಹಾಲಿಕ್ಸ್ ಅನಾನಿಮಸ್ ಒಕ್ಕೂಟದ ಸಭೆಗಳು ದೇಶದ ಅನೇಕ ನಗರಗಳಲ್ಲಿ ನಡೆಯುತ್ತಿವೆ.

ಇಷ್ಟಾದರೂ ಸಮಸ್ಯೆ ದೊಡ್ಡದಾಗಿಯೇ ಇದೆ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ಮಾರಾಟ ನಿಂತಿತು, ಕುಡಿತ ನಿಲ್ಲಲಿಲ್ಲ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯವು ದೆಹಲಿಯ ಏಮ್ಸ್ ಸಂಸ್ಥೆಯ ಮೂಲಕ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 5.7 ಕೋಟಿಗೂ ಅಧಿಕ ಮಂದಿಗೆ ಮದ್ಯಪಾನದ ದುಷ್ಪರಿಣಾಮದಿಂದ ಹೊರಬರಲು ನೆರವು ಬೇಕಾಗಿದೆ. ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಬಗೆಯ ಚಿಕಿತ್ಸೆ ದೊರೆತಿತ್ತು. ಆಸ್ಪತ್ರೆಯಲ್ಲಿ ಉಳಿದು ಚಿಕಿತ್ಸೆ ಪಡೆದವರು 180ರಲ್ಲಿ ಒಬ್ಬರು. ಅಷ್ಟು ಕಷ್ಟದಿಂದ ನೆರವಿನ ಬಾಗಿಲಿಗೆ ಬಂದ ಒಬ್ಬನನ್ನು ಕಳೆದುಕೊಳ್ಳುವುದು ಎಷ್ಟು ದೊಡ್ಡ ನಷ್ಟವೆಂಬುದನ್ನು ಈ ಅಂಕಿಗಳೇ ಹೇಳುತ್ತವೆ.

ಎಂಟು ದಿನಗಳ ಆಚೆ

ವ್ಯಸನದಿಂದ ದೂರವಾದವನು ಮತ್ತೆ ಜಾರುವುದು ಅಪರೂಪದ ಸಂಗತಿಯಲ್ಲ. ಅಮೆರಿಕದ ಮಾದಕ ವ್ಯಸನ ಕುರಿತ ರಾಷ್ಟ್ರೀಯ ಸಂಸ್ಥೆಯು ಈ ಪ್ರಮಾಣವನ್ನು ಶೇ. 40ರಿಂದ 60 ಎಂದು ಹೇಳಿ, ರಕ್ತದೊತ್ತಡ ಹಾಗೂ ಅಸ್ತಮಾ ರೋಗಿಗಳಲ್ಲಿ ಕಾಯಿಲೆ ಮರುಕಳಿಸುವುದರೊಡನೆ ಅದನ್ನು ಹೋಲಿಸಿದೆ. ರಕ್ತದೊತ್ತಡದ ರೋಗಿಗೆ ಎಂಟು ದಿನ ಮಾತ್ರೆ ಕೊಟ್ಟು ಮನೆಗೆ ಕಳುಹಿಸಿ ಗುಣವಾಯಿತೆಂದು ಯಾವ ವೈದ್ಯರೂ ಹೇಳುವುದಿಲ್ಲ. ಮದ್ಯದ ಅಂಶ ದೇಹವನ್ನು ಬಿಟ್ಟು ಹೋಗಲು ಕೆಲವು ದಿನಗಳು ಸಾಕು. ಬಯಕೆ, ಹಳೆಯ ಸಂಗಡಿಗರು, ಸಾಲ, ಮನೆಯ ಅವಿಶ್ವಾಸ ಇವುಗಳಿಂದ ಹೊರಬರಲು ತಿಂಗಳುಗಳು, ವರ್ಷಗಳು ಬೇಕು.

ಆದುದರಿಂದ ಯೋಜನೆ ಎಂದರೆ ಸಭಾಂಗಣ, ಚಪ್ಪರ, ಊಟೋಪಚಾರಗಳ ಪಟ್ಟಿಯಷ್ಟೇ ಅಲ್ಲ. ಈ ಮೂರು ತಾಲೂಕುಗಳ ಜೀವನಕ್ರಮವನ್ನೇ ತೆಗೆದುಕೊಳ್ಳಬಹುದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಗಂಗೊಳ್ಳಿಯ ಬೋಟು ಕಾರ್ಮಿಕನಿಗೆ ಆ 61 ದಿನ ಬಿಡುವು; ಶಿಬಿರಕ್ಕೆ ಬರಲು ಅದು ಸುಸಮಯ. ಆದರೆ ಆಗಸ್ಟ್‌ನಲ್ಲಿ ಕೈಗೆ ಹಣ ಬಂದು, ದೋಣಿಯ ಹಳೆಯ ಜೊತೆಗಾರರು ಸೇರಿದಾಗ ಆತನಿಗೆ ನಿಜವಾದ ಪರೀಕ್ಷೆ. ಆ ವಾರದಲ್ಲಿ ಆತನನ್ನು ಭೇಟಿಯಾಗುವವರು ಯಾರೆಂದು ಜೂನ್‌ನಲ್ಲಿಯೇ ಗೊತ್ತುಪಡಿಸಿರಬೇಕು. ಕೋಟೇಶ್ವರದ ಕೊಡಿಹಬ್ಬ, ಊರ ಜಾತ್ರೆ, ಮದುವೆಯ ಋತು, ಕಾರ್ಖಾನೆಯ ಬಟವಾಡೆಯ ದಿನ ಇವೆಲ್ಲವೂ ಅದೇ ಪಟ್ಟಿಗೆ ಸೇರುತ್ತವೆ. ಬೆಂಗಳೂರು, ಮುಂಬಯಿಗಳ ಹೋಟೆಲುಗಳಲ್ಲಿ ದುಡಿಯುವವನ ಸ್ಥಿತಿ ಇನ್ನೂ ಕಠಿನ. ಊರಿನಲ್ಲಿ ಶಿಬಿರ ಮುಗಿಸಿ ವಾರದೊಳಗೆ ಆತ ಬಸ್ಸು ಹತ್ತಿದರೆ ಊರಿನ ಸಮಿತಿಯ ಸಭೆ ಆತನಿಗೆ ದಕ್ಕುವುದಿಲ್ಲ. ಆ ನಗರದಲ್ಲಿಯೇ ಆತನಿಗೆ ಯಾವ ಸಭೆ, ಯಾವ ಆಸ್ಪತ್ರೆ ಎಂಬುದನ್ನು ಮೊದಲೇ ಜೋಡಿಸಿಕೊಡದಿದ್ದರೆ ಶಿಬಿರದ ಶ್ರಮ ದಾರಿಯಲ್ಲಿಯೇ ಕಳೆದುಹೋದೀತು.

ಯೋಜನೆಯ ಇನ್ನೊಂದು ಮುಖ ವೈದ್ಯಕೀಯ ಎಚ್ಚರಿಕೆ. ಹಲವು ವರ್ಷ ವಿಪರೀತ ಕುಡಿದವನು ಒಮ್ಮೆಲೇ ನಿಲ್ಲಿಸಿದಾಗ ಮೊದಲ ಕೆಲವು ದಿನಗಳಲ್ಲಿ ಸೆಳೆತ, ಭ್ರಮೆ, ಮತಿವಿಕಲ್ಪಗಳು ಕಾಣಿಸಿಕೊಂಡು ಪ್ರಾಣಕ್ಕೇ ಅಪಾಯ ಒದಗಬಹುದು. ಸೇರ್ಪಡೆಗೆ ಮುನ್ನ ವೈದ್ಯರ ತಪಾಸಣೆ, ರಾತ್ರಿಯ ವೇಳೆ ನೋಡಿಕೊಳ್ಳುವವರು, ಹತ್ತಿರದ ಆಸ್ಪತ್ರೆಗೆ ಸಾಗಿಸುವ ವಾಹನ ಇವು ಸ್ವಯಂಸೇವಕನ ಸದಿಚ್ಛೆಯಿಂದ ತಾನಾಗಿ ಒದಗುವಂಥವಲ್ಲ; ತರಬೇತಿಯಿಂದ ಬರುವಂಥವು.

ಕಾರ್ಖಾನೆ ಬಲ್ಲ ವಿದ್ಯೆ

ಯೋಜಿಸು, ಮಾಡು, ಪರಿಶೀಲಿಸು, ತಿದ್ದು ಎಂಬ ನಾಲ್ಕು ಹೆಜ್ಜೆಗಳ ಚಕ್ರವು ಗುಣಮಟ್ಟದ ಪ್ರಮಾಣಪತ್ರ ಪಡೆದ ಸಣ್ಣ ಉದ್ದಿಮೆದಾರರಿಗೆ ಹೊಸದಲ್ಲ. ಇದನ್ನೇ ವ್ಯಸನ ಚಿಕಿತ್ಸೆಗೆ ಅನ್ವಯಿಸಿದ ಪ್ರಯೋಗವೊಂದು 2003ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಗುಸ್ತಾಫ್‌ಸನ್ ಅವರ ನೇತೃತ್ವದಲ್ಲಿ ಆರಂಭವಾಯಿತು. ನಯಾಟೆಕ್ಸ್ ಎಂದು ಹೆಸರಾದ ಆ ಕ್ರಮವು ನಾಲ್ಕೇ ಗುರಿಗಳನ್ನು ಇಟ್ಟುಕೊಂಡಿತು: ಚಿಕಿತ್ಸೆಗಾಗಿ ಕಾಯುವ ದಿನಗಳನ್ನು ತಗ್ಗಿಸುವುದು, ಬರುವೆನೆಂದು ಬಾರದಿರುವವರನ್ನು ಕಡಿಮೆ ಮಾಡುವುದು, ಸೇರ್ಪಡೆಯನ್ನು ಹೆಚ್ಚಿಸುವುದು, ಸೇರಿದವರು ಕೊನೆಯವರೆಗೆ ಉಳಿಯುವಂತೆ ನೋಡಿಕೊಳ್ಳುವುದು. ಅದರ ಮೊದಲ ಅಭ್ಯಾಸವು ಬಹಳ ಸರಳ. ಸಂಸ್ಥೆಯವರೇ ನೆರವು ಕೋರಿ ಬಂದ ರೋಗಿಯಂತೆ ಅಥವಾ ಮನೆಯವರಂತೆ ತಮ್ಮ ಸಂಸ್ಥೆಗೆ ದೂರವಾಣಿ ಕರೆ ಮಾಡಿ, ಪ್ರತಿ ಹಂತವನ್ನೂ ಸ್ವತಃ ದಾಟಿ ನೋಡುವುದು. ಕರೆಗೆ ಉತ್ತರ ಸಿಗದಿದ್ದರೆ, ಮೂರು ವಾರ ಬಿಟ್ಟು ಬನ್ನಿ ಎಂಬ ಉತ್ತರ ಬಂದರೆ ತಿದ್ದಬೇಕಾದ ಜಾಗ ಅಲ್ಲಿಯೇ ಕಾಣುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆಯನ್ನು ಕೆಲವು ವಾರಗಳ ಮಟ್ಟಿಗೆ ಮಾಡಿ, ಫಲ ಸಿಕ್ಕರೆ ಉಳಿಸಿಕೊಂಡು, ಇಲ್ಲವಾದರೆ ಕೈಬಿಡುವುದು ಮುಂದಿನ ಕ್ರಮ. ಇದಕ್ಕೆ ದೊಡ್ಡ ಬಂಡವಾಳ ಬೇಕಿಲ್ಲ.

ಲೆಕ್ಕ ಹೇಳುವ ಪಾಠ

ಒಂದು ಕಾಲ್ಪನಿಕ ಲೆಕ್ಕದಿಂದ ವಿಷಯ ಸ್ಪಷ್ಟವಾದೀತು. ರೂ. 2,00,000 ವೆಚ್ಚದಲ್ಲಿ 50 ಮಂದಿಗೆ ಶಿಬಿರ ನಡೆಯಿತೆನ್ನೋಣ. ತಲಾ ವೆಚ್ಚ ರೂ. 4,000 ಎಂದು ವರದಿಯಲ್ಲಿ ಬರೆಯಲಾಗುತ್ತದೆ. ವರ್ಷದ ಕೊನೆಗೆ 20 ಮಂದಿ ಮಾತ್ರ ಪಾನಮುಕ್ತರಾಗಿ ಉಳಿದಿದ್ದರೆ ಫಲ ಕಂಡ ಪ್ರತಿಯೊಬ್ಬನಿಗೆ ತಗಲಿದ ನಿಜವಾದ ವೆಚ್ಚ ರೂ. 10,000. ಇನ್ನು ರೂ. 40,000 ಹೆಚ್ಚು ವ್ಯಯಿಸಿ, ತರಬೇತಿ ಪಡೆದ ಇಬ್ಬರಿಂದ ಮನೆಭೇಟಿ ಮತ್ತು ದೂರವಾಣಿ ಸಂಪರ್ಕಗಳನ್ನು ವರ್ಷವಿಡೀ ನಡೆಸಿದುದರಿಂದ 30 ಮಂದಿ ಉಳಿದರೆ ಆ ವೆಚ್ಚ ರೂ. 8,000ಕ್ಕೆ ಇಳಿಯುತ್ತದೆ. ಹೆಚ್ಚು ಖರ್ಚು ಮಾಡಿದ ಸಂಸ್ಥೆಯೇ ಇಲ್ಲಿ ಮಿತವ್ಯಯಿ. ಆದರೆ ವರ್ಷದ ಕೊನೆಯ ಎಣಿಕೆಯೇ ಇಲ್ಲದಿದ್ದರೆ ಈ ಸತ್ಯ ಯಾವ ಜಮಾಖರ್ಚಿನಲ್ಲಿಯೂ ಗೋಚರಿಸದು. ಅನುಸರಣೆಯ ಖರ್ಚು ಅನಗತ್ಯವೆಂದು ಮೊದಲು ಕತ್ತರಿಗೆ ಸಿಗುವುದೂ ಅದರಿಂದಲೇ.

ಸೇವೆಗೆ ಲೆಕ್ಕವೇಕೆ, ಕಾಗದಪತ್ರಗಳ ಹೊರೆಯಿಂದ ಸ್ವಯಂಸೇವಕರ ಉತ್ಸಾಹ ಕುಗ್ಗದೇ ಎಂಬ ಆಕ್ಷೇಪ ಸಹಜ. ಅದರಲ್ಲಿ ತಥ್ಯವೂ ಇದೆ. ಇಪ್ಪತ್ತು ಕಾಲಂಗಳ ನಮೂನೆ ಯಾರಿಗೂ ಬೇಡ. ಒಂದು ತಿಂಗಳು, ಮೂರು ತಿಂಗಳು, ಆರು ತಿಂಗಳು, ಒಂದು ವರ್ಷ ಈ ನಾಲ್ಕು ಅವಧಿಗಳಲ್ಲಿ ವ್ಯಕ್ತಿಯು ಸಂಪರ್ಕದಲ್ಲಿದ್ದಾನೆಯೇ, ಪಾನಮುಕ್ತನೇ, ಕೆಲಸಕ್ಕೆ ಹೋಗುತ್ತಿದ್ದಾನೆಯೇ ಎಂಬ ಮೂರು ಪ್ರಶ್ನೆಗಳು ಸಾಕು. ಸಂಪರ್ಕಕ್ಕೆ ಸಿಗದವರನ್ನು ಯಶಸ್ಸಿನ ಪಟ್ಟಿಗೆ ಸೇರಿಸದಿರುವ ಪ್ರಾಮಾಣಿಕತೆ ಮಾತ್ರ ಅತ್ಯಗತ್ಯ. ಹೆಸರುಗಳು ಸಂಸ್ಥೆಯೊಳಗೇ ಗುಪ್ತವಾಗಿರಬೇಕು. ದಾನಿಗೆ ತಲುಪಬೇಕಾದುದು ಮೊತ್ತಗಳು ಮಾತ್ರ. ಜಾರಿಬಿದ್ದವನನ್ನು ಅವಮಾನಿಸಲು ಈ ಲೆಕ್ಕ ಬಳಕೆಯಾದರೆ ಆತ ಮತ್ತೆ ಬಾಗಿಲು ತಟ್ಟಲಾರ. ಸೋತವನು ಶಿಬಿರಾರ್ಥಿ ಎನ್ನುವ ಬದಲು, ಕ್ರಮದಲ್ಲಿ ಎಲ್ಲಿ ಲೋಪವಾಯಿತೆಂದು ಕೇಳುವುದೇ ಸುಧಾರಣೆಯ ಸಾರ.

ವಾಣಿಜ್ಯ ಸಮುದಾಯದ ಪಾಲು

ವರ್ತಕರೂ ಸಣ್ಣ ಕೈಗಾರಿಕೆಗಳವರೂ ಮಾಡಬಹುದಾದ ಕೆಲಸಗಳು ಹಲವಿವೆ. ಮೊದಲನೆಯದಾಗಿ, ದೇಣಿಗೆ ನೀಡುವಾಗ ಅದರ ಒಂದು ಭಾಗವನ್ನು ಅನುಸರಣೆ ಹಾಗೂ ತರಬೇತಿಗೆಂದೇ ಮೀಸಲಿಡುವಂತೆ ಕೋರಬಹುದು. ಸಂಸ್ಥೆಯ ಒಬ್ಬಿಬ್ಬರನ್ನು ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗ, 1980ರಲ್ಲಿ ಶಾಂತಿ ರಂಗನಾಥನ್ ಅವರು ಚೆನ್ನೈಯಲ್ಲಿ ಸ್ಥಾಪಿಸಿದ ಟಿ.ಟಿ. ರಂಗನಾಥನ್ ಪ್ರತಿಷ್ಠಾನ ಮುಂತಾದ ಅನುಭವಿ ಸಂಸ್ಥೆಗಳಲ್ಲಿ ಕಲಿತುಬರಲು ಕಳುಹಿಸುವ ವೆಚ್ಚವು ಒಂದು ದಿನದ ಸಮಾರೋಪದ ವೆಚ್ಚಕ್ಕಿಂತ ಹೆಚ್ಚಾಗಲಾರದು.

ಎರಡನೆಯದಾಗಿ, ಹಣದ ಬದಲು ವಿದ್ಯೆಯನ್ನು ನೀಡಬಹುದು. ದಾಸ್ತಾನು, ಬಾಕಿ ವಸೂಲಿ, ವೇಳಾಪಟ್ಟಿಗಳನ್ನು ದಿನನಿತ್ಯ ನಿಭಾಯಿಸುವ ವ್ಯವಸ್ಥಾಪಕರು ತಿಂಗಳಿಗೊಂದು ಅಪರಾಹ್ನ ಸ್ಥಳೀಯ ಸಮಿತಿಯೊಡನೆ ಕುಳಿತರೆ ಅದು ಬೆಲೆಬಾಳುವ ದಾನ. ಆಲ್ಕೊಹಾಲಿಕ್ಸ್ ಅನಾನಿಮಸ್ ಒಕ್ಕೂಟವಂತೂ ಹೊರಗಿನವರ ದೇಣಿಗೆಯನ್ನು ಸ್ವೀಕರಿಸುವುದೇ ಇಲ್ಲ. ಅಂಥಲ್ಲಿ ಸಭೆಗೆ ಹೋಗುವ ನೌಕರನಿಗೆ ಸಂಜೆ ಒಂದು ಗಂಟೆ ಮುಂಚಿತವಾಗಿ ಬಿಡುವು ಕೊಡುವುದೇ ಮಾಲೀಕನ ಕೊಡುಗೆ.

ಮೂರನೆಯದು ಕಾನೂನಿನ ಎಚ್ಚರ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯ ವ್ಯಾಖ್ಯೆಯಲ್ಲಿ ಮದ್ಯ ಹಾಗೂ ಮಾದಕ ವಸ್ತುಗಳ ದುರ್ಬಳಕೆಯಿಂದಾಗುವ ಸ್ಥಿತಿಗಳೂ ಸೇರಿರುವುದರಿಂದ, ರೋಗಿಗಳನ್ನು ದಾಖಲಿಸಿಕೊಂಡು ಚಿಕಿತ್ಸೆ ನೀಡುವ ಕೇಂದ್ರಗಳಿಗೆ ನೋಂದಣಿ ಕಡ್ಡಾಯ. ದಾನ ಕೊಡುವ ಮೊದಲು ಅದನ್ನು ವಿಚಾರಿಸುವುದು ದಾನಿಯ ಹಕ್ಕು. 2017-18ರ ಹಣಕಾಸು ವರ್ಷದಿಂದ ರೂ. 2,000 ಮೀರಿದ ನಗದು ದಾನಕ್ಕೆ ಆದಾಯ ತೆರಿಗೆಯ ರಿಯಾಯಿತಿ ಇಲ್ಲವೆಂಬುದನ್ನೂ ಮರೆಯಬಾರದು; ಚೆಕ್ಕಿನ ಮೂಲಕ ಕೊಟ್ಟ ಹಣ ಉಭಯರಿಗೂ ಕ್ಷೇಮ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದುದು ಉದ್ಯೋಗ. ಶಿಬಿರದಿಂದ ಮರಳಿದವನಿಗೆ ಅದೇ ಗೇರುಬೀಜದ ಕಾರ್ಖಾನೆಯಲ್ಲಿ, ಅದೇ ಬೋಟಿನಲ್ಲಿ, ಅದೇ ಅಂಗಡಿಯಲ್ಲಿ ಸ್ಥಾನ ಉಳಿದಿದೆ ಎಂಬ ಭರವಸೆ ಆತನ ಸಂಕಲ್ಪಕ್ಕೆ ದೊಡ್ಡ ಆಸರೆ. ಆತನ ಹಾಜರಿ ಪುಸ್ತಕವು ಮಾಲೀಕನ ಕೈಯಲ್ಲಿಯೇ ಇರುತ್ತದೆ. ಸೋಮವಾರಗಳ ಗೈರುಹಾಜರಿ ಮತ್ತೆ ಆರಂಭವಾದುದು ಅದರಲ್ಲಿ ಮೊದಲು ಕಾಣುತ್ತದೆ. ನೌಕರನ ಒಪ್ಪಿಗೆ ಪಡೆದು ಆ ಸುಳಿವನ್ನು ಸಕಾಲದಲ್ಲಿ ಸಮಿತಿಗೆ ತಲುಪಿಸುವ ಏರ್ಪಾಡು ಮಾಡಿಕೊಂಡರೆ ಒಂದು ಸಂಸಾರ ಮತ್ತೆ ಬೀದಿಗೆ ಬೀಳುವುದು ತಪ್ಪಬಹುದು.

ಮುಂದಿನ ಬಾರಿ ರಶೀದಿ ಪುಸ್ತಕ ಹಿಡಿದು ಸಂಘಟಕರು ಅಂಗಡಿಗೆ ಬಂದಾಗ ಅವರನ್ನು ಬರಿಗೈಯಲ್ಲಿ ಕಳುಹಿಸಬಾರದು. ಹಿಂದಿನ ಶಿಬಿರದವರಲ್ಲಿ ಇಂದು ಎಷ್ಟು ಮಂದಿ ಸಂಪರ್ಕದಲ್ಲಿದ್ದಾರೆ ಎಂಬ ಒಂದೇ ಪ್ರಶ್ನೆಯನ್ನು ಗೌರವದಿಂದ ಕೇಳಿ ಚೆಕ್ಕು ಬರೆದುಕೊಡಬೇಕು. ಉತ್ತರ ಅವರ ಬಳಿ ಇಲ್ಲವಾದರೆ, ಅದನ್ನು ಕಂಡುಕೊಳ್ಳುವ ವೆಚ್ಚಕ್ಕೆಂದು ಮೊತ್ತವನ್ನು ಇನ್ನಷ್ಟು ಹೆಚ್ಚಿಸಬೇಕು.