ಮೇಲೆ ಒಂದು ಡಿಗ್ರಿ, ಕೆಳಗೆ ಬೈಗುಳ

ನಾರ್ತ್ ಕ್ಯಾರೊಲೈನಾದ ರಾಲಿ, ಕ್ಯಾರಿ ಸುತ್ತಮುತ್ತಲಿನ ಕನ್ನಡದ ಮನೆಗಳಲ್ಲಿ ಚಳಿಗಾಲ ಬಂತೆಂದರೆ ಒಂದು ಮಾತು ಓಡಾಡಲು ಶುರುವಾಗುತ್ತದೆ: ಈ ಹವಾಮಾನದವರನ್ನು ನಂಬಿದರೆ ಕೆಟ್ಟೆವು. ಆರಂಗುಲ ಹಿಮ ಅಂದರು, ಬಿದ್ದದ್ದು ಎರಡಂಗುಲ ಮಂಜುಗಡ್ಡೆಯ ಹರಳು. ಬೆಳಿಗ್ಗೆ ಒಂದು ಹೇಳಿದರು, ಸಂಜೆ ಇನ್ನೊಂದು. ಬ್ರೆಡ್ಡು ಹಾಲು ಮಾರಿಸುವುದಕ್ಕೇ ಇಷ್ಟೆಲ್ಲ ಗುಲ್ಲು. ಫೋನಿನಲ್ಲಿ ಆ್ಯಪ್ ಇರುವಾಗ ಇವರೇಕೆ ಬೇಕು. ಒಂದಂಗುಲಕ್ಕೆಲ್ಲ ಶಾಲೆಗೆ ರಜೆಯೇ.

ಇದು ಬರೀ ಹರಟೆಯಾಗಿದ್ದರೆ ಸುಮ್ಮನಿರಬಹುದಿತ್ತು. ಆದರೆ ಮುನ್ಸೂಚನೆಯ ಮೇಲೆ ನಂಬಿಕೆ ಕಳೆದುಕೊಂಡವರು ಮುಂದಿನ ಸಲ ಎಚ್ಚರಿಕೆ ಬಂದಾಗ ಕಾರಿನ ಕೀಲಿ ತೆಗೆದುಕೊಂಡು ಹೊರಡುತ್ತಾರೆ. ಹಾಗಾಗಿ ಒಂದೊಂದಕ್ಕೂ ಉತ್ತರ ಹೇಳಲೇಬೇಕು.

ಹೇಳಿದ್ದು ಬೇರೆ, ಬಿದ್ದದ್ದು ಬೇರೆ ಎಂಬ ದೂರಿನಿಂದ ಶುರು ಮಾಡೋಣ. ಬಿದ್ದದ್ದನ್ನು ಕರಗಿಸಿ ಅಳೆಯಿರಿ. ಸಾಮಾನ್ಯವಾಗಿ ಒಂದಂಗುಲ ನೀರು ಹಿಮವಾಗಿ ಬಿದ್ದರೆ ಹತ್ತಂಗುಲ ನಿಲ್ಲುತ್ತದೆ. ಅದೇ ನೀರು ಸ್ಲೀಟ್ ಆಗಿ, ಅಂದರೆ ಗಟ್ಟಿ ಮಂಜುಗಡ್ಡೆಯ ಹರಳಾಗಿ ಬಿದ್ದರೆ ಮೂರಂಗುಲದ ಆಸುಪಾಸು. ಆರಂಗುಲ ಹಿಮಕ್ಕೂ ಎರಡಂಗುಲ ಸ್ಲೀಟಿಗೂ ಬೇಕಾದ ನೀರು ಹೆಚ್ಚುಕಡಿಮೆ ಒಂದೇ. ಬಿರುಗಾಳಿ ಎಲ್ಲಿಂದ ಬರುತ್ತದೆ, ಯಾವಾಗ ಮುಟ್ಟುತ್ತದೆ, ಎಷ್ಟು ನೀರು ಹೊತ್ತು ತರುತ್ತದೆ ಎಂಬುದನ್ನೆಲ್ಲ ಸರಿಯಾಗಿ ಹೇಳಿದವರು ತಪ್ಪಿದ್ದು ಒಂದೇ ಕಡೆ: ನೆಲದಿಂದ ಒಂದೂವರೆಯಿಂದ ಮೂರು ಕಿಲೋಮೀಟರ್ ಎತ್ತರದ ಒಂದು ತೆಳು ಪದರದ ಉಷ್ಣಾಂಶದಲ್ಲಿ.

ಆ ಪದರದ ಕಥೆ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಡೀ ಜಗಳ ನಿಂತಿರುವುದೇ ಅದರ ಮೇಲೆ. ಕ್ವಿಬೆಕ್ ಅಥವಾ ನ್ಯೂ ಇಂಗ್ಲೆಂಡಿನ ಮೇಲೆ ಅಧಿಕ ಒತ್ತಡದ ವಲಯ ಕೂತಾಗ ಅಲ್ಲಿಂದ ಒಣ ಚಳಿಗಾಳಿ ದಕ್ಷಿಣಕ್ಕೆ ಇಳಿಯುತ್ತದೆ. ಪಶ್ಚಿಮಕ್ಕೆ ಹರಡಲು ಅಪಲಾಚಿಯನ್ ಬೆಟ್ಟಸಾಲು ಬಿಡುವುದಿಲ್ಲ. ನಮ್ಮ ಸಹ್ಯಾದ್ರಿ ಅರಬ್ಬೀ ಸಮುದ್ರದ ಮೋಡಗಳನ್ನು ತಡೆದು ನಿಲ್ಲಿಸುವ ಹಾಗೆ ಈ ಬೆಟ್ಟಗಳು ಚಳಿಯನ್ನು ತಡೆದು ಪೂರ್ವದ ಬಯಲಿನಲ್ಲಿ ಗುಡ್ಡೆ ಹಾಕುತ್ತವೆ. ಗುಡ್ಡೆ ಎಂದರೆ ದೊಡ್ಡದೇನಲ್ಲ, ಕೆಲವು ನೂರು ಮೀಟರಿನಿಂದ ಒಂದು ಕಿಲೋಮೀಟರಿನಷ್ಟು ದಪ್ಪ. ಅದರ ಮೇಲಿನಿಂದ ಮೆಕ್ಸಿಕೊ ಕೊಲ್ಲಿಯ, ಅಟ್ಲಾಂಟಿಕ್ಕಿನ ಬೆಚ್ಚನೆಯ ತೇವದ ಗಾಳಿ ಜಾರಿಕೊಂಡು ಬರುತ್ತದೆ. ಹೀಗಾಗಿ ನೆಲದ ಬಳಿ ಚಳಿ, ನಡುವೆ ಬಿಸಿ, ಅದರ ಮೇಲೆ ಮತ್ತೆ ಕೊರೆವ ಚಳಿ.

ಮೋಡದ ತುದಿಯಲ್ಲಿ ಹುಟ್ಟಿದ್ದೆಲ್ಲ ಹಿಮವೇ. ನಡುವಿನ ಬಿಸಿ ಪದರ ಒಂದು ಡಿಗ್ರಿ ಸೆಲ್ಸಿಯಸ್ ದಾಟದಿದ್ದರೆ ಹಿಮದ ಎಸಳು ಬಹುಮಟ್ಟಿಗೆ ಉಳಿದು ಹಿಮವಾಗಿಯೇ ಕೆಳಗಿಳಿಯುತ್ತದೆ. ಒಂದರಿಂದ ಮೂರು ಡಿಗ್ರಿಯಿದ್ದರೆ ಅರೆಬರೆ ಕರಗಿ, ಕೆಳಗಿನ ಚಳಿಯಲ್ಲಿ ಮತ್ತೆ ಹೆಪ್ಪುಗಟ್ಟಿ ಸ್ಲೀಟ್ ಆಗುತ್ತದೆ. ಕಾರಿನ ಮೇಲೆ ಟಣಟಣ ಸಿಡಿಯುವುದು ಅದು. ಮೂರು ದಾಟಿತೋ, ಎಸಳು ಪೂರ್ತಿ ಕರಗಿ ನೀರ ಹನಿಯಾಗುತ್ತದೆ. ಮತ್ತೆ ಗಡ್ಡೆಕಟ್ಟಲು ಅದರೊಳಗೆ ಮಂಜುಗಡ್ಡೆಯ ಒಂದು ಚೂರೂ ಉಳಿದಿರುವುದಿಲ್ಲ. ಸೊನ್ನೆಗಿಂತ ತಣ್ಣಗಾಗಿಯೂ ನೀರಾಗಿಯೇ ಇಳಿದು, ತಂತಿಯನ್ನೋ ಕೊಂಬೆಯನ್ನೋ ಟಾರನ್ನೋ ಮುಟ್ಟಿದ ಗಳಿಗೆಗೆ ಗಾಜಿನಂತೆ ಅಂಟಿಕೊಳ್ಳುತ್ತದೆ. ಇದೇ ಫ್ರೀಜಿಂಗ್ ರೈನ್. ಈ ಅಂಕಿಗಳು ಹೆಬ್ಬಳತೆಯವು, ಪದರದ ದಪ್ಪ, ಹನಿಯ ಗಾತ್ರ ನೋಡಿ ಹೆಚ್ಚುಕಡಿಮೆಯಾಗುತ್ತವೆ. ಆದರೂ ಲೆಕ್ಕ ನೋಡಿ: ಹಿಮಕ್ಕೂ ಸ್ಲೀಟಿಗೂ ಫ್ರೀಜಿಂಗ್ ರೈನಿಗೂ ನಡುವೆ ಇರುವುದು ಒಂದೆರಡು ಡಿಗ್ರಿ.

ಆ ಒಂದೆರಡು ಡಿಗ್ರಿಯೂ ನಿಂತಲ್ಲಿ ನಿಲ್ಲುವುದಿಲ್ಲ. ಬೀಳುತ್ತಿರುವ ಹಿಮ ಕರಗುವಾಗ ಸುತ್ತಲಿನ ಗಾಳಿಯಿಂದ ಶಾಖ ಹೀರುತ್ತದೆ. ಜೋರಾಗಿ ಸುರಿದರೆ ಬಿಸಿ ಪದರವೇ ತಣಿದು ಮತ್ತೆ ಹಿಮಕ್ಕೆ ತಿರುಗಬಹುದು, ಸುರಿತ ನಿಧಾನವಾದರೆ ಸ್ಲೀಟಿಗೆ ಮರಳಬಹುದು. ಫ್ರೀಜಿಂಗ್ ರೈನಿನದು ತದ್ವಿರುದ್ಧ. ನೀರು ಗಡ್ಡೆಕಟ್ಟುವಾಗ ಶಾಖ ಬಿಡುತ್ತದೆ. ಉತ್ತರದಿಂದ ಒಣ ಚಳಿ ಬರುತ್ತಲೇ ಇರದಿದ್ದರೆ ನೆಲದ ಬಳಿ ಸೊನ್ನೆಗೇರಿ ಬರೀ ಮಳೆಯಾಗಿಬಿಡುತ್ತದೆ. ಇನ್ನು ಶುರುವಿನಲ್ಲಿ ಗಾಳಿ ಒಣಗಿದ್ದರೆ ಬಿದ್ದ ಹನಿ ಆವಿಯಾಗುತ್ತ ಗಾಳಿಯನ್ನು ತಣಿಸುತ್ತದೆ. ಕಾರಿನ ಡ್ಯಾಶ್‌ಬೋರ್ಡ್ ಮೂರು ಡಿಗ್ರಿ ತೋರಿಸುತ್ತಿದೆ, ಹೆದರಿಕೆಯಿಲ್ಲ ಎಂದು ಹೊರಟವರು ಒಂದು ಗಂಟೆಯಲ್ಲಿ ಸೊನ್ನೆಯ ಕೆಳಗೆ ಸಿಕ್ಕಿಹಾಕಿಕೊಳ್ಳುವುದು ಹೀಗೆ. ಇಷ್ಟನ್ನೂ ಲೆಕ್ಕಕ್ಕೆ ತೆಗೆದುಕೊಂಡು ಎರಡು ದಿನ ಮೊದಲೇ ‘ಹಿಮದಿಂದ ಶುರು, ಮಧ್ಯಾಹ್ನಕ್ಕೆ ಸ್ಲೀಟ್, ರಾತ್ರಿ ಫ್ರೀಜಿಂಗ್ ರೈನ್’ ಎಂದವರು ಬದಲಾವಣೆಯ ಹೊತ್ತನ್ನು ಮೂರು ಗಂಟೆ ತಪ್ಪಿದರೆ ಅದನ್ನು ನಾನು ಸೋಲೆನ್ನುವುದಿಲ್ಲ.

ಎರಡನೆಯ ದೂರು, ಅಡ್ಡಗೋಡೆಯ ಮೇಲೆ ದೀಪ ಇಡುತ್ತಾರೆ ಎಂಬುದು. ಎರಡರಿಂದ ಆರಂಗುಲ ಎಂದರೇನು, ಒಂದು ಅಂಕಿ ಹೇಳಬಾರದೇ? ಯುರೋಪಿನ ಹವಾಮಾನ ಕೇಂದ್ರದ ಕಂಪ್ಯೂಟರು ಆರಂಭದ ಸ್ಥಿತಿಯಲ್ಲಿ ಸಣ್ಣಸಣ್ಣ ವ್ಯತ್ಯಾಸ ಮಾಡಿ 50 ಸಲ ಅದೇ ಬಿರುಗಾಳಿಯನ್ನು ಓಡಿಸುತ್ತದೆ. ರಾಲಿಗೆ ಕೆಲವು ಓಟದಲ್ಲಿ ಒಂದಡಿ, ಕೆಲವುಗಳಲ್ಲಿ ಏನೂ ಇಲ್ಲ ಎಂದು ಬಂದಾಗ ಸರಾಸರಿ ತೆಗೆದು ಆರಂಗುಲ ಅನ್ನುವುದು ಸುಳ್ಳಾಗುತ್ತದೆ. ಆ ಆರಂಗುಲ ಯಾವ ಓಟದಲ್ಲೂ ಬಿದ್ದಿರುವುದಿಲ್ಲ! ವ್ಯಾಪ್ತಿ ಹೇಳುವವನು ತನಗೆಷ್ಟು ಗೊತ್ತೋ ಅಷ್ಟನ್ನೇ ಹೇಳುತ್ತಿದ್ದಾನೆ. 2015ರ ಜನವರಿ 26–27ರಂದು ನ್ಯೂಯಾರ್ಕ್ ನಗರಕ್ಕೆ 20ರಿಂದ 30 ಅಂಗುಲ ಎಂದಿದ್ದರು. ಸುರಂಗ ರೈಲು ನಿಲ್ಲಿಸಿದರು. ಸೆಂಟ್ರಲ್ ಪಾರ್ಕಿನಲ್ಲಿ ಬಿದ್ದದ್ದು 9.8 ಅಂಗುಲ. ಅದೇ ಬಿರುಗಾಳಿ ಪೂರ್ವಕ್ಕೆ ಲಾಂಗ್ ಐಲೆಂಡಿನಲ್ಲಿ, ಬಾಸ್ಟನ್ನಿನಲ್ಲಿ ಎರಡಡಿ ಸುರಿಸಿತು. ಬಿರುಗಾಳಿ ಕೊಂಚ ಪೂರ್ವಕ್ಕೆ ಸರಿದದ್ದಷ್ಟೇ. ಮುನ್ಸೂಚಕರು ಅಲ್ಲಿ ತಪ್ಪಿದ್ದು ಅನುಮಾನವನ್ನು ಹೇಳಿದ್ದಕ್ಕಲ್ಲ, ಸಾಕಷ್ಟು ಹೇಳದಿದ್ದಕ್ಕೆ. ರಾಷ್ಟ್ರೀಯ ಹವಾಮಾನ ಸೇವೆಯ ಆಗಿನ ಮುಖ್ಯಸ್ಥ ಲೂಯಿ ಉಚ್ಚೆಲಿನಿ ಆಮೇಲೆ ಒಪ್ಪಿಕೊಂಡದ್ದೂ ಇದನ್ನೇ.

ಗಳಿಗೆಗೊಂದು ಮಾತು ಎನ್ನುವವರಿಗೆ ನನ್ನ ಉತ್ತರ ಇನ್ನೂ ಖಡಕ್ಕಾಗಿದೆ: ಮಾತು ಬದಲಿಸದಿರುವುದೇ ದೊಡ್ಡ ತಪ್ಪು. ಇಲ್ಲಿ ನಾನು ಮುನ್ಸೂಚಕರ ಪರ ವಕಾಲತ್ತು ವಹಿಸುವುದಿಲ್ಲ. 2017ರ ಮಾರ್ಚ್ 14ರ ಬಿರುಗಾಳಿಗೆ ಮೊದಲು, ನ್ಯೂಯಾರ್ಕಿನಂಥ ಕರಾವಳಿ ನಗರಗಳಲ್ಲಿ ಹಿಮಕ್ಕೆ ಸ್ಲೀಟ್ ಬೆರೆಯುವ ಸಂಭವ ಹೆಚ್ಚಿದೆ, ತಾವು ಹೇಳಿದ ಅಂಗುಲಗಳು ಜಾಸ್ತಿಯಾದವು ಎಂಬ ಸೂಚನೆ ರಾಷ್ಟ್ರೀಯ ಹವಾಮಾನ ಸೇವೆಯವರಿಗೆ ಹಿಂದಿನ ಮಧ್ಯಾಹ್ನವೇ ಸಿಕ್ಕಿತ್ತು. ಕೊನೆಯ ಗಳಿಗೆಯಲ್ಲಿ ಅಂಕಿ ಇಳಿಸಿದರೆ ಜನ ಗೊಂದಲಕ್ಕೆ ಬೀಳುತ್ತಾರೆ, ಅಪಾಯವೇ ತಪ್ಪಿತೆಂದು ತಿಳಿಯುತ್ತಾರೆ ಎಂದು ಇಳಿಸಲಿಲ್ಲ. ಒಂದಡಿಗೂ ಮೀರಿ ಎಂದಿದ್ದ ಸೆಂಟ್ರಲ್ ಪಾರ್ಕಿನಲ್ಲಿ 7.6 ಅಂಗುಲ ಬಿತ್ತು. ಸ್ಲೀಟೂ ಅಪಾಯವೇ, ಉದ್ದೇಶವೂ ಒಳ್ಳೆಯದೇ. ಆದರೂ ತಿಳಿದದ್ದನ್ನು ತಿಳಿದಾಗಲೇ ಹೇಳಬೇಕಿತ್ತು. ಅವರನ್ನು ಹಾಗೆ ಹೆದರಿಸಿದ್ದು ಯಾರು? ಮಾತು ಬದಲಿಸಿದರೆ ಬೈಯುವ ನಾವು. ನಮ್ಮ ರಾಜ್ಯದ ಗ್ರೀನ್ಸ್‌ಬರೋದಿಂದ ಬೆಳಿಗ್ಗೆ ಒಂದು ಹವಾಮಾನ ಬಲೂನ್, ಸಂಜೆ ಒಂದು ಬಲೂನ್ ಮೇಲೇರಿ ಆ ಬಿಸಿ ಪದರವನ್ನು ನಿಜವಾಗಿ ಮುಟ್ಟಿ ಅಳೆಯುತ್ತದೆ. ಬೆಳಗಿನ ಬಲೂನ್ ಎರಡು ಡಿಗ್ರಿ ಹೆಚ್ಚು ತೋರಿಸಿದ ಮೇಲೂ ಹಿಂದಿನ ರಾತ್ರಿಯ ಮಾತಿಗೇ ಅಂಟಿಕೊಳ್ಳಬೇಕೆಂದು ಬಯಸುವುದು ಯಾವ ನ್ಯಾಯ?

ಬ್ರೆಡ್ಡು ಹಾಲಿನ ವ್ಯಾಪಾರಕ್ಕಾಗಿ ಉಬ್ಬಿಸುತ್ತಾರೆ ಎಂಬುದಕ್ಕೆ ಹೆಚ್ಚು ಹೊತ್ತು ಬೇಡ. ಹತ್ತು ದಿನ ಮುಂಚೆಯೇ ನೀಲಿ ನೇರಳೆ ಬಣ್ಣದ ನಕ್ಷೆ ಹಂಚುವವರು ಬೇರೆ, ಎಚ್ಚರಿಕೆ ಹೊರಡಿಸುವ ಸರ್ಕಾರಿ ಕಚೇರಿ ಬೇರೆ. ಆ ಕಚೇರಿಗೆ ಜಾಹೀರಾತೂ ಇಲ್ಲ, ಬ್ರೆಡ್ಡಿನ ಅಂಗಡಿಯೂ ಇಲ್ಲ. ಸದಾ ಉಬ್ಬಿಸುವವರಾಗಿದ್ದರೆ 2000ದ ಜನವರಿ 24–25 ಆಗುತ್ತಲೇ ಇರಲಿಲ್ಲ. ಬಿರುಗಾಳಿ ಸಮುದ್ರದ ಕಡೆಗೆ ಹೋಗುತ್ತದೆ ಎಂದು ಮಾದರಿಗಳು ಹೇಳಿದವು, ರಾಲಿಯಲ್ಲಿ 20.3 ಅಂಗುಲ ಸುರಿಯಿತು. ಇಲ್ಲಿನ ಕಚೇರಿ ಆ ತಪ್ಪನ್ನು ಮುಚ್ಚಿಡಲಿಲ್ಲ. ದಕ್ಷಿಣದಲ್ಲಿ ಎದ್ದ ಗುಡುಗುಮೋಡಗಳು ಬಿಟ್ಟ ಶಾಖವನ್ನು ಮಾದರಿಗಳು ಹಿಡಿಯದೇ ಹೋದದ್ದನ್ನು ವಿಶ್ವವಿದ್ಯಾಲಯಗಳ ಸಂಶೋಧಕರು ವರ್ಷಗಟ್ಟಲೆ ಕೆದಕಿ ಬರೆದರು. ನಮ್ಮ ಎಷ್ಟು ಕಚೇರಿಗಳಲ್ಲಿ ತಪ್ಪಿನ ಮರಣೋತ್ತರ ಪರೀಕ್ಷೆ ಹೀಗೆ ಬಹಿರಂಗವಾಗಿ ನಡೆಯುತ್ತದೆ?

ಆ್ಯಪ್ ಸಾಕು ಎನ್ನುವವರ ಮಾತು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಚಿಂತೆಗೆ ಹಚ್ಚುತ್ತದೆ. ಹಿಮದ ಚಿತ್ರ, ಕೆಳಗೊಂದು ಅಂಕಿ, ಮುಗಿಯಿತು. ಮೂರು ಬಗೆ ಬೆರೆತು ಬೀಳುವ ಬಿರುಗಾಳಿಯನ್ನು ಹೇಳಲು ಆ ಚೌಕದಲ್ಲಿ ಜಾಗವೇ ಇಲ್ಲ. ಕಾಲಂಗುಲ ಮಂಜುಗಡ್ಡೆ ತಂತಿಗೆ ಕಟ್ಟುವಂತಿದ್ದರೆ ಇಲಾಖೆ ಐಸ್ ಸ್ಟಾರ್ಮ್ ಎಚ್ಚರಿಕೆ ಕೊಡುತ್ತದೆ. ಆ್ಯಪಿನ ಕಣ್ಣಿಗೆ ಕಾಲಂಗುಲವೆಂದರೆ ಸಣ್ಣ ಮಳೆ. ಅಲ್ಲದೆ ಆ್ಯಪಿಗೆ ಸರಕು ಬರುವುದು ಎಲ್ಲಿಂದ? ಬಹುಪಾಲು ಅದೇ ಬಲೂನ್, ಅದೇ ರೇಡಾರ್, ಅದೇ ಉಪಗ್ರಹ, ಅದೇ ಸರ್ಕಾರಿ ಮಾದರಿಗಳಿಂದ. ಈಗ ಬಂದಿರುವ ಕೃತಕ ಬುದ್ಧಿಮತ್ತೆಯ ಮಾದರಿಗಳೂ ದಶಕಗಳ ಅಳತೆಗಳನ್ನು ಓದಿ ಕಲಿತವು, ಪ್ರತಿ ಸಲ ಹೊರಡುವುದೂ ಇವತ್ತಿನ ಅಳತೆಯಿಂದಲೇ. 2013ರ ಹೊತ್ತಿಗೆ ದೇಶದ ರೇಡಾರ್‌ಗಳೆಲ್ಲ ಹನಿಯ ಆಕಾರವನ್ನೂ ಗುರುತಿಸುವಂತಾದವು. ಎಸಳು ಎಲ್ಲಿ ಕರಗುತ್ತಿದೆ ಎಂಬುದು ಈಗ ಪರದೆಯ ಮೇಲೆ ಉಂಗುರವಾಗಿ ಕಾಣುತ್ತದೆ. ಆ ಉಂಗುರ ಒಳಕ್ಕೆ ಸರಿಯುವುದನ್ನು ಕಂಡು ‘ಇನ್ನು ಅರ್ಧ ಗಂಟೆಯಲ್ಲಿ ಹಿಮ ನಿಂತು ಸ್ಲೀಟ್’ ಎಂದು ಬರೆಯುವುದು ರಾತ್ರಿಪಾಳಿಯಲ್ಲಿ ಕೂತ ಒಬ್ಬ ಮನುಷ್ಯ.

2025ರಲ್ಲಿ ಅಂಥವರು ನೂರಾರು ಮಂದಿ ಕೆಲಸ ಬಿಟ್ಟರು, ಇಲ್ಲವೇ ಬಿಡಿಸಲ್ಪಟ್ಟರು. ಮಾರ್ಚಿನಲ್ಲಿ ನೆಬ್ರಾಸ್ಕಾದ ಒಮಾಹಾದಲ್ಲೂ ದಕ್ಷಿಣ ಡಕೋಟಾದ ರಾಪಿಡ್ ಸಿಟಿಯಲ್ಲೂ ಜನ ಸಾಲದೆ ಬಲೂನ್ ಹಾರಿಸುವುದನ್ನೇ ನಿಲ್ಲಿಸಬೇಕಾಯಿತು. ಇನ್ನು ಕೆಲವು ಕಡೆ ದಿನಕ್ಕೆ ಎರಡಿದ್ದದ್ದು ಒಂದಾಯಿತು. ಅವೆಲ್ಲ ದೂರದ ಊರು ಎನ್ನಬೇಡಿ. ನಮ್ಮ ಮೇಲೆ ಬೀಳುವ ಬಿರುಗಾಳಿಗಳಲ್ಲಿ ಎಷ್ಟೋ ಮೊದಲು ಆ ಬಯಲುಗಳ ಮೇಲೆಯೇ ಹಾದು ಬರುತ್ತವೆ. ಆ್ಯಪ್ ಇದ್ದರೆ ಸಾಕು ಎಂಬ ಮಾತು ಇಂಥ ಕಡಿತಕ್ಕೆ ಕೊಡುವ ಒಪ್ಪಿಗೆ.

ಉಳಿದದ್ದು ಶಾಲೆಯ ರಜೆ. ಮಿನ್ನೆಸೋಟಾದಲ್ಲಿರುವ ನೆಂಟರು ನಗುತ್ತಾರಂತೆ. 2005ರ ಜನವರಿ 19ರಂದು ರಾಲಿಯಲ್ಲಿ ಬಿದ್ದದ್ದು ಹೆಚ್ಚೆಂದರೆ ಒಂದಂಗುಲ. ಟಾರು ಮೊದಲೇ ಸೊನ್ನೆಯ ಕೆಳಗಿತ್ತು. ಮಧ್ಯಾಹ್ನ ಶಾಲೆ, ಕಚೇರಿ ಎಲ್ಲ ಒಟ್ಟಿಗೆ ಬಿಟ್ಟವು. ಚಕ್ರಗಳು ಹಿಮವನ್ನು ಅರೆದು ಕರಗಿಸಿ, ಅದು ಮತ್ತೆ ಗಡ್ಡೆಕಟ್ಟಿ, ಊರೇ ರಸ್ತೆಯಲ್ಲಿ ನಿಂತಿತು. ಸಾವಿರಾರು ಮಕ್ಕಳು ರಾತ್ರಿ ಶಾಲೆಯಲ್ಲೇ ಮಲಗಿದರು. 2014ರ ಜನವರಿ 28ರಂದು ಅಟ್ಲಾಂಟಾದಲ್ಲಿ ಇದೇ ಆಯಿತು, ಎರಡೂವರೆ ಅಂಗುಲಕ್ಕೆ. ಅಲ್ಲಿ ಎಚ್ಚರಿಕೆ ಬೆಳಗಿನ ಜಾವವೇ ಹೊರಟಿತ್ತು. ಅದನ್ನು ಕೇಳಿಸಿಕೊಳ್ಳಬೇಕಾದವರು ಮಧ್ಯಾಹ್ನದವರೆಗೆ ಕಾದರು, ಕೊನೆಗೆ ರಾಜ್ಯಪಾಲರೇ ಕ್ಷಮೆ ಕೇಳಿದರು. ಉತ್ತರದ ಊರುಗಳಲ್ಲಿ ಹಿಮ ತಳ್ಳುವ ಲಾರಿಗಳ ಸಾಲೇ ಇರುತ್ತದೆ. ಇಲ್ಲಿ ಮುಂಚಿನ ದಿನ ಲಾರಿಗಳು ಉಪ್ಪುನೀರು ಎರೆದು ಹೋಗುತ್ತವೆ, ಒಣಗಿದ ರಸ್ತೆಯ ಉದ್ದಕ್ಕೂ ಬಿಳಿ ಗೆರೆಗಳು ಎದ್ದು ಕಾಣುತ್ತವೆ. ಬಿರುಗಾಳಿ ಮಳೆಯಿಂದ ಶುರುವಾದರೆ ಆ ಉಪ್ಪೆಲ್ಲ ಚರಂಡಿ ಪಾಲು. ಮೊದಲು ಮಳೆಯೋ ಹಿಮವೋ ಎಂಬುದರ ಮೇಲೆ ಶಾಲೆಯ ಬಸ್ಸು ಓಡುವುದು ನಿಂತಿದೆ.

ಕೊನೆಗೆ, ಹಿಮವೇ ಬರಲಿಲ್ಲ, ಬರೀ ಮಳೆಯಾಯಿತು ಎಂದು ಉಸಿರುಬಿಟ್ಟವರಿಗೆ 2002ರ ಡಿಸೆಂಬರ್ 4–5ನ್ನು ನೆನಪಿಸಬೇಕು. ಅದೂ ಮಳೆಯೇ, ಫ್ರೀಜಿಂಗ್ ರೈನ್. ಪೆನ್ಸಿಲಿನಷ್ಟಿದ್ದ ರೆಂಬೆಗಳು ಹೆಬ್ಬೆರಳಿನ ದಪ್ಪವಾದವು, ಪೈನ್ ಮರಗಳು ನಡುಮುರಿದು ತಂತಿಗಳ ಮೇಲೆ ಬಿದ್ದವು. ಎರಡೂ ಕ್ಯಾರೊಲೈನಾಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ಕರೆಂಟ್ ಹೋಯಿತು, ಹಲವರಿಗೆ ದಿನಗಟ್ಟಲೆ. ಚಳಿ ತಡೆಯಲಾರದೆ ಇದ್ದಿಲು ಒಲೆಯನ್ನು ಮನೆಯೊಳಗೆ ಹಚ್ಚಿದವರು, ಜನರೇಟರನ್ನು ಗ್ಯಾರೇಜಿನಲ್ಲಿ ಓಡಿಸಿದವರು ಕಾರ್ಬನ್ ಮೊನಾಕ್ಸೈಡ್ ವಿಷವೇರಿ ಆಸ್ಪತ್ರೆ ಸೇರಿದರು. ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಬಹಳಷ್ಟು ಕಡೆ ಬಿಸಿಯೂ ಒಲೆಯೂ ಕರೆಂಟಿನವೇ. ಐಸ್ ಸ್ಟಾರ್ಮ್ ಎಂಬ ಎರಡು ಪದ ಎಚ್ಚರಿಕೆಯಲ್ಲಿ ಕಂಡರೆ ಎಷ್ಟಂಗುಲ ಎಂದು ಕೇಳುವುದನ್ನು ಬಿಟ್ಟು ಫೋನ್ ಚಾರ್ಜಿಗೆ ಹಾಕಿ, ಕಂಬಳಿ ತೆಗೆದಿಡಿ, ಬೇಯಿಸದೆ ತಿನ್ನುವಂಥದ್ದು ಎರಡು ದಿನಕ್ಕಾಗುವಷ್ಟು ತಂದಿಡಿ, ಇದ್ದಿಲನ್ನು ಮಾತ್ರ ಹೊಸಿಲು ದಾಟಿಸಿ ಒಳಗೆ ತರಬೇಡಿ.